ತೇವ ಹೀರುವ ಡಬ್ಬಿ: ಬೀರುವಿಗೆ ಸರಿ, ಗೋಡೆಗೆ ದಂಡ

ಈ ಡಬ್ಬಿಯ ಮೇಲಿನ ಅರೆಯಲ್ಲಿ ತೇವ ಹೀರುವ ಉಪ್ಪಾದ ಕ್ಯಾಲ್ಸಿಯಂ ಕ್ಲೋರೈಡ್ ಹರಳು, ಅದರ ಮೇಲೆ ಗಾಳಿಯಾಡುವ ಬಿಳಿ ಹಾಳೆ, ಕೆಳಗೆ ನೀರು ನಿಲ್ಲುವ ಅರೆ. ಹರಳು ತೇವ ಹೀರುತ್ತಾ ತಾನೇ ಕರಗಿ ಕೆಳಗೆ ತೊಟ್ಟಿಕ್ಕುತ್ತದೆ. ಬಳಸುವಾಗ ಮೇಲಿನ ಸೀಲ್ ಮಾತ್ರ ಕೀಳಬೇಕು. ಆತುರದಲ್ಲಿ ಬಿಳಿ ಹಾಳೆಯನ್ನೂ ಹರಿಯುವವರೇ ಜಾಸ್ತಿ. ಆಮೇಲೆ ಡಬ್ಬಿ ವಾಲಿದರೆ ಎಲ್ಲ ಬಟ್ಟೆಯ ಮೇಲೆ.

ಕೆಳಗೆ ಸೇರುವುದು ಬರೀ ನೀರಲ್ಲ, ಜಿಗುಟಾದ ಉಪ್ಪುನೀರು. ಚರ್ಮದ ಬ್ಯಾಗ್ ಹಾಳಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಚೆಲ್ಲಿದ ಜಾಗವನ್ನು ಒಣಬಟ್ಟೆಯಲ್ಲಿ ಒರೆಸಿದರೆ ಮರುದಿನ ಮತ್ತೆ ಪಸೆ, ಏಕೆಂದರೆ ಉಳಿದ ಉಪ್ಪು ತೇವ ಎಳೆಯುತ್ತಲೇ ಇರುತ್ತದೆ. ಒದ್ದೆಬಟ್ಟೆಯಲ್ಲಿ ಮೂರ್ನಾಲ್ಕು ಸಲ ಒರೆಸಿ. ಡಬ್ಬಿಯನ್ನು ಬೀರುವಿನ ತಳದಲ್ಲಿ, ಒಂದು ಟ್ರೇ ಮೇಲೆ ಇಡುವುದೇ ಕ್ಷೇಮ. ಹರಳೆಲ್ಲ ಕರಗಿದ ಮೇಲೆ ಅದು ದಂಡ, ಬದಲಿಸಿ.

ಮುಚ್ಚಿದ ಬೀರುವಿನಲ್ಲಿ ಕೆಲಸ ಚೆನ್ನಾಗಿದೆ. ಒಳಗೊಂದು ಹೈಗ್ರೋಮೀಟರ್ (ಗಾಳಿಯ ತೇವಾಂಶ ಅಳೆಯುವ ಸಾಧನ) ಇಟ್ಟು ತೇವಾಂಶ 60% ದಾಟದಂತೆ ನೋಡಿಕೊಂಡರೆ ಬೂಷ್ಟಿನ ಕಾಟ ಬಹಳ ಕಡಿಮೆ. ತೆರೆದ ಕೋಣೆಗೆ ಮಾತ್ರ ಇದು ಸಾಲದು. ಅಲ್ಲಿಗೆ ಗಾಳಿಯ ತೇವ ತೆಗೆಯುವ ಕರೆಂಟಿನ ಯಂತ್ರ, ಅಂದರೆ ಡಿಹ್ಯೂಮಿಡಿಫೈಯರ್ ಬೇಕು.

ಗೋಡೆ ತೇವವಾಗಿದ್ದರೆ ಡಬ್ಬಿ ಕೊಳ್ಳುವ ಮೊದಲೇ ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಆಗ ಕರೆಸಬೇಕಾದ್ದು ಪ್ಲಂಬರನ್ನು.