ಶೂನ್ಯ ಟಿಕೆಟ್, ಶೇರ್ ಆಟೊ: ಬಳ್ಳಾರಿ ಪೇಟೆಯಲ್ಲಿ ಯಾವುದು ಹೊಂದುತ್ತೆ?

ರಾಯಲ್ ಸರ್ಕಲ್‌ನಿಂದ ಕೌಲ್ ಬಜಾರ್ ಕಡೆಗೆ ಶೇರ್ ಆಟೊ ಕೈ ಅಡ್ಡ ಹಿಡಿದಲ್ಲಿ ನಿಲ್ಲುತ್ತದೆ, ಆದರೆ ಸೀಟು ಭರ್ತಿಯಾಗುವವರೆಗೆ ಕದಲುವುದಿಲ್ಲ. ಸಿಟಿ ಬಸ್ ಎದುರಿಗೇ ಇದ್ದರೆ ಅದೇ ಮೊದಲು ಮುಟ್ಟಿಸುತ್ತದೆ. ಇಲ್ಲದಿದ್ದರೆ ಒಂದೆರಡು ಸ್ಟಾಪಿಗೆ ಕಾಯುವುದು ದಂಡ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ ಪುಕ್ಕಟೆ. ಪುಕ್ಕಟೆ ಎಂದರೆ ಟಿಕೆಟ್ಟೇ ಇಲ್ಲವೆಂದಲ್ಲ. ಕಂಡಕ್ಟರ್ ಗುರುತಿನ ಚೀಟಿ ನೋಡಿ, ಇಳಿಯುವ ಸ್ಟಾಪ್ ಕೇಳಿ ಶೂನ್ಯ ಟಿಕೆಟ್ ಹರಿಯಬೇಕು. ಸಾರಿಗೆ ನಿಗಮಕ್ಕೆ ಸರ್ಕಾರ ಕೊಡುವ ಹಣದ ಲೆಕ್ಕ ಅದರ ಮೇಲೆಯೇ. ಹಾಗಾಗಿ ಮೋತಿ ಸರ್ಕಲ್‌ಗೆ ಇಳಿಯುವವರು ಕೊನೆಯ ಸ್ಟಾಪ್ ಹೇಳಿದರೆ ಲೆಕ್ಕ ಸುಮ್ಮನೆ ಉಬ್ಬುತ್ತದೆ.

ಈ ಪುಕ್ಕಟೆ ನಿಂತರೆ? ಅಮೆರಿಕದ ಸಿಯಾಟಲ್ ಇದನ್ನು ಕಂಡಿದೆ. ಅಲ್ಲಿ 1973ರಿಂದ ನಗರದ ನಡುಭಾಗದಲ್ಲಿ ಬಸ್ ಎಲ್ಲರಿಗೂ ಉಚಿತವಾಗಿತ್ತು. ಯಾವ ಬಾಗಿಲಲ್ಲಾದರೂ ಹತ್ತಬಹುದಿತ್ತು. ಆಚೆ ಹೋಗುವವರು ಇಳಿಯುವಾಗ ಕಾಸು ಕೊಡುತ್ತಿದ್ದರು. 2012ರ ಸೆಪ್ಟೆಂಬರ್ 29ರಂದು ಅದು ನಿಂತಿತು. ಆಮೇಲೆ ಹೆಚ್ಚಿನ ಬಸ್ಸುಗಳಲ್ಲಿ ಮುಂದಿನ ಬಾಗಿಲಲ್ಲೇ ಹತ್ತಿ, ಡ್ರೈವರ್ ಪಕ್ಕದಲ್ಲೇ ದರ ಕಟ್ಟಬೇಕಾಯಿತು. ಒಬ್ಬರಿಗೆ ಮೂರು ಸೆಕೆಂಡ್ ಹಿಡಿದರೂ ಇಪ್ಪತ್ತು ಜನಕ್ಕೆ ಒಂದು ನಿಮಿಷ, ಹಿಂದಿನ ಬಸ್ಸೂ ಅಷ್ಟೇ ಹೊತ್ತು ತಡ.

ಬಳ್ಳಾರಿಗೆ ಆ ಪೆಟ್ಟು ಅಷ್ಟಾಗಿ ಬೀಳದು. ಇಲ್ಲಿ ಕಂಡಕ್ಟರ್ ಒಳಗೆ ಓಡಾಡುತ್ತಲೇ ಹರಿಯುತ್ತಾರೆ, ಬಾಗಿಲಲ್ಲಿ ಸಾಲಿಲ್ಲ. ತೊಂದರೆ ಚಿಲ್ಲರೆಯದ್ದು. ಬಸ್ಸಿನ ಅರ್ಧ ಜನ ಶೂನ್ಯ ಟಿಕೆಟ್ಟಿನವರಾದಾಗ ಹಣದ ವ್ಯವಹಾರ ಉಳಿದರ್ಧಕ್ಕೆ ಮುಗಿಯುತ್ತದೆ. ಎಲ್ಲರೂ ಬೆಳಗ್ಗೆ ನೂರರ ನೋಟು ಚಾಚಿದರೆ ಎರಡನೇ ಸ್ಟಾಪಿಗೇ ಬ್ಯಾಗ್ ಬರಿದು, ಟಿಕೆಟ್ ಹಿಂದೆ ಬಾಕಿ ಬರೆದುಕೊಡುವ ಹಳೇ ಜಗಳ ಮತ್ತೆ ಶುರು.

ದೊಡ್ಡ ಬದಲಾವಣೆ ಕುಟುಂಬದ್ದು. ಗಂಡ, ಹೆಂಡತಿ, ಅತ್ತೆ, ಕಾಲೇಜಿನ ಮಗಳು ಪೇಟೆಗೆ ಹೊರಟರೆ ಇಂದು ಕೊಡಬೇಕಾದ್ದು ಒಂದೇ ಟಿಕೆಟ್. ನಾಲ್ಕಾದರೆ ಇಡೀ ಆಟೊದ ಬಾಡಿಗೆಗೆ ಹತ್ತಿರವಾಗುತ್ತದೆ. ಮನೆ ಬಾಗಿಲಿಗೆ ಬರುವ ಆಟೊ ಬಿಟ್ಟು ಬಸ್ ಹತ್ತುವವರು ಯಾರು? ವಿಮ್ಸ್ ಆಸ್ಪತ್ರೆಗೆ ಹಳ್ಳಿಯಿಂದ ಒಬ್ಬರೇ ಬರುವವರಿಗೆ ಮಾತ್ರ ಕಾಸು ಕೊಟ್ಟರೂ ಬಸ್ಸೇ ಅಗ್ಗ.

ಕಾಸಿನ ಬಸ್ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಆಂಧ್ರದ ಗುಂತಕಲ್ ಕಡೆಯ ಬಸ್ ಹತ್ತಿ. ಅಂತರರಾಜ್ಯ ಸಾರಿಗೆಗೆ ಶಕ್ತಿ ಅನ್ವಯಿಸುವುದಿಲ್ಲ; ಆಧಾರ್ ತೋರಿಸಿದರೂ ಕಂಡಕ್ಟರ್ ಕೈ ಚಾಚುವುದು ದುಡ್ಡಿಗೆ.