ಗಾಜಿನ ಮನೆಯ ಚಳಿಗಾಲ: ಬಬಲ್ ರ‍್ಯಾಪೋ, ಫ್ಲೀಸೋ?

ಇಂಗ್ಲೆಂಡಿನ ಲೀಡ್ಸ್‌ನ ನಮ್ಮ ಹಿತ್ತಲಲ್ಲಿ ಆರು ಅಡಿ ಅಗಲ, ಎಂಟು ಅಡಿ ಉದ್ದದ ಒಂದು ಗಾಜಿನ ಮನೆ ಇದೆ. ಹೀಟರ್ ಇಲ್ಲ, ವಿದ್ಯುತ್ತಿನ ಸಂಪರ್ಕವೂ ಇಲ್ಲ. "ಎರಡು ಕಟ್ಟು ಸೊಪ್ಪಿಗೆ ಒಂದು ಮನೆಯನ್ನೇ ಕಟ್ಟಿಸಿದೆಯಾ?" ಎಂದು ಮೈಸೂರಿನಿಂದ ಅಮ್ಮ ಫೋನಿನಲ್ಲಿ ನಕ್ಕಿದ್ದರು. ಆ ಎರಡು ಕಟ್ಟನ್ನು ಜನವರಿಯಲ್ಲಿ ಕೊಯ್ಯಲು ನನಗೆ ಎರಡು ಚಳಿಗಾಲ ಹಿಡಿಯಿತು.

ಮೊದಲ ವರ್ಷ ಗಾಜಿನ ಒಳಮೈಗೆಲ್ಲ ಗಾಳಿಗುಳ್ಳೆಗಳ ಪ್ಲಾಸ್ಟಿಕ್ ಹಾಳೆ, ಅಂದರೆ ಬಬಲ್ ರ‍್ಯಾಪ್ ಹೊದಿಸಿದೆ. ಎರಡನೆಯ ವರ್ಷ ಅದನ್ನು ಕಿತ್ತು, ಮಡಿಯ ಮೇಲೆ ಕೊಳವೆಗಳನ್ನು ಕಮಾನಿನಂತೆ ಬಾಗಿಸಿ, ಗಿಡಗಳನ್ನು ಚಳಿಯಿಂದ ಕಾಯಲೆಂದೇ ಮಾರುವ ತೆಳುವಾದ ಫ್ಲೀಸ್ ಬಟ್ಟೆಯನ್ನು ಎರಡು ಪದರ ಹಾಸಿದೆ. ಚದರ ಮೀಟರಿಗೆ 17 ಗ್ರಾಂ ತೂಗುವಂಥದ್ದು. ಒಂದು ಚಳಿಗಾಲದ ಹಾಗೆ ಇನ್ನೊಂದು ಇರುವುದಿಲ್ಲವಲ್ಲ, ಅದಕ್ಕೇ ಹೊರಗೊಂದು, ಗಿಡದ ಬುಡದಲ್ಲೊಂದು ಥರ್ಮಾಮೀಟರ್ ಇಟ್ಟು ಎರಡರ ವ್ಯತ್ಯಾಸವನ್ನಷ್ಟೇ ಬರೆದುಕೊಂಡೆ. ಬಬಲ್ ರ‍್ಯಾಪ್ ಇದ್ದಾಗ ರಾತ್ರಿಯ ವ್ಯತ್ಯಾಸ ಸುಮಾರು ಮೂರು ಡಿಗ್ರಿ, ಫ್ಲೀಸಿನಡಿ ನಾಲ್ಕು. ಹೊರಗೆ ಮೈನಸ್ 6 ಇದ್ದ ರಾತ್ರಿ ಕೊತ್ತಂಬರಿಯ ಪಕ್ಕದಲ್ಲಿ ಮೈನಸ್ 2.

ಆದರೆ ನನ್ನನ್ನು ಸೋಲಿಸಿದ್ದು ಚಳಿಯಲ್ಲ, ಬೆಳಕು. ಇಲ್ಲಿ ಅಕ್ಟೋಬರ್ ಕೊನೆಯ ವಾರದಿಂದ ಫೆಬ್ರವರಿ ಮಧ್ಯದವರೆಗೆ ಹಗಲು ಹತ್ತು ಗಂಟೆಯನ್ನೂ ಮುಟ್ಟುವುದಿಲ್ಲ. ಡಿಸೆಂಬರ್ 21ರ ಆಸುಪಾಸಿನಲ್ಲಿ ಬರೀ ಏಳೂವರೆ ಗಂಟೆ. ಬೆಂಗಳೂರಿನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ದಾಟುತ್ತದೆ. ಇದ್ದ ಮಂಕು ಬೆಳಕಿಗೂ ಗುಳ್ಳೆಯ ಹಾಳೆ ಅಡ್ಡ ನಿಂತಿತು. ಸೊಪ್ಪು ಬಿಳಿಚಿಕೊಂಡು ಉದ್ದುದ್ದ ಎದ್ದು ವಾಲಿತು. ಹಾಳೆಗೂ ಗಾಜಿಗೂ ನಡುವೆ ಪಾಚಿ ಕಟ್ಟಿತು, ನೀರು ತೊಟ್ಟಿಕ್ಕಿದ ಕಡೆಯಲ್ಲೆಲ್ಲ ಎಲೆಗಳ ಮೇಲೆ ಬೂದು ಬೂಷ್ಟು. ಫ್ಲೀಸನ್ನಾದರೆ ಬೆಳಿಗ್ಗೆ ಸರಿಸಿ ಸಂಜೆ ಹೊದಿಸಬಹುದು. ಕತ್ತಲಲ್ಲೇ ಕಚೇರಿಗೆ ಹೊರಟು ಕತ್ತಲಲ್ಲೇ ಮರಳುವವರಿಗೆ ಇದೊಂದು ಪೀಡೆಯೇ, ಒಪ್ಪುತ್ತೇನೆ. ಬಟ್ಟೆ ಎಲೆಗೆ ತಾಗಲೂಬಾರದು: ರಾತ್ರಿ ಹೆಪ್ಪುಗಟ್ಟಿ ಅಂಟಿಕೊಂಡರೆ ಬೆಳಿಗ್ಗೆ ಬಟ್ಟೆಯ ಜೊತೆ ಎಲೆಯೂ ಹರಿದು ಬರುತ್ತದೆ. ಇಷ್ಟಾದರೂ ನನ್ನ ಮತ ಫ್ಲೀಸಿಗೇ. ಹೂಕುಂಡ ಕವುಚಿ ಅದರಡಿ ಮೇಣದಬತ್ತಿ ಉರಿಸುವ ಉಪಾಯವನ್ನೂ ಮಾಡಿ ನೋಡಿದೆ. ಕುಂಡ ಬಿಸಿಯಾಯಿತು.

ಬೆಳೆಗಳಲ್ಲಿ ಮೆಂತ್ಯದ ಮೇಲೆ ನನಗೆ ಭರವಸೆ ಹೆಚ್ಚಿತ್ತು. ಊರಿನಲ್ಲಿ ಅದರಷ್ಟು ಬೇಗ ಕೈಗೆ ಬರುವ ಸೊಪ್ಪು ಇನ್ನೊಂದಿಲ್ಲ. ಸೆಪ್ಟೆಂಬರಿನಲ್ಲಿ ಬಿತ್ತಿದ್ದು ಚೆನ್ನಾಗಿಯೇ ಬಂತು, ಒಮ್ಮೆ ಕೊಯ್ದೆ, ಮುಗಿಯಿತು. ಅಕ್ಟೋಬರಿನಲ್ಲಿ ಬಿತ್ತಿದ್ದು ಎರಡೆಲೆಯಲ್ಲೇ ನಿಂತು, ತೇವಕ್ಕೆ ಬುಡ ಕೊಳೆತು ಮಲಗಿತು. ಕೊತ್ತಂಬರಿಯ ಸಂಗತಿಯೇ ಬೇರೆ. ಅಂಗಡಿಯ ಧನಿಯಾವನ್ನೇ ಚಪ್ಪಲಿಯಡಿ ಉಜ್ಜಿ ಎರಡು ಹೋಳು ಮಾಡಿ, ಆಗಸ್ಟ್ ಕೊನೆಯಲ್ಲಿ ಬಿತ್ತಿದ್ದೆ. ಕತ್ತಲ ತಿಂಗಳುಗಳು ಬರುವ ಮೊದಲೇ ಗೇಣುದ್ದ ಬೆಳೆದಿರಬೇಕು, ಆಮೇಲೆ ಅದು ಬೆಳೆಯುವುದಿಲ್ಲ, ಸುಮ್ಮನೆ ಕಾದಿರುತ್ತದೆ. ಜನವರಿಯ ಒಂದು ಬೆಳಿಗ್ಗೆ ನೋಡಿದರೆ ಬೇಯಿಸಿ ಹರಡಿದಂತೆ, ಕಪ್ಪುಹಸಿರಾಗಿ ಮಣ್ಣಿಗೆ ಒರಗಿತ್ತು. ಸತ್ತಿತೆಂದೇ ತಿಳಿದು ಬಾಗಿಲು ಮುಚ್ಚಿ ಬಂದೆ. ಹನ್ನೊಂದರ ಹೊತ್ತಿಗೆ ಚಹಾ ಹಿಡಿದು ಹೋದರೆ ಒಂದೊಂದೇ ದಂಟು ಎದ್ದು ನಿಂತಿತ್ತು. ಹೆಪ್ಪುಗಟ್ಟಿದಾಗ ಮುಟ್ಟದಿದ್ದರೆ ಸಾಕು.

ಪಾಲಕ್ ಬೀಜ ಊರಿನದು, ಅದು ಬಡಕಲಾಗಿ ಬದುಕಿತು. ಇಲ್ಲಿನ ಸ್ಪಿನಾಚ್ ಅದಕ್ಕಿಂತ ಗಟ್ಟಿ, ಆದರೆ ಬೇಳೆಗೆ ಹಾಕಿದರೆ ನನಗೇಕೋ ಊರಿನ ಪಾಲಕ್ಕೇ ರುಚಿ. ಕರಿಬೇವನ್ನು ಈ ಸ್ಪರ್ಧೆಗೆ ಇಳಿಸಲೇ ಇಲ್ಲ. ಅದು ಅಡುಗೆಮನೆಯ ಕಿಟಕಿಯಲ್ಲಿ, ರೇಡಿಯೇಟರ್ ಪಕ್ಕ, ಐದೇ ಎಸಳು ಹೊತ್ತು ಏಪ್ರಿಲ್‌ಗಾಗಿ ಕಾಯುತ್ತಿದೆ.