ಜಾಹೀರಾತು, ಲಿಂಕು, ಸ್ಪಾನ್ಸರ್: ನನ್ನ ಚಾನೆಲ್‌ಗೆ ಕೂಡಿ ಬಂದದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ಯೂಟ್ಯೂಬ್ ಚಾನೆಲ್‌ನಿಂದ ದುಡ್ಡು ಮಾಡುವ ದಾರಿಗಳಲ್ಲಿ ನನ್ನ ಓಟು ಲಿಂಕಿಗೆ. ವಿಡಿಯೋ ಕೆಳಗೆ ಹಾಕಿರುತ್ತೇವಲ್ಲ, ಅದನ್ನು ಒತ್ತಿ ಯಾರಾದರೂ ಸಾಮಾನು ಕೊಂಡರೆ ನಮಗೆ ಕಮಿಷನ್ ಬರುತ್ತದೆ, ಅದು. ಸಾಗರದ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಕಳೆ ಹೊಡೆಯುವ ಮಷೀನು, ಫೈಬರ್ ದೋಟಿ, ಔಷಧಿ ಪಂಪು ಅಂತ ತಿಂಗಳಿಗೆ ಎರಡು ವಿಡಿಯೋ ಮಾಡುತ್ತೇನೆ. ಅದಕ್ಕಿಂತ ಜಾಸ್ತಿ ಆಗುವುದಿಲ್ಲ.

ಎಲ್ಲರ ಹಾಗೆ ನಾನೂ ಮೊದಲು ಯೂಟ್ಯೂಬ್ ಜಾಹೀರಾತನ್ನೇ ನಂಬಿ ಕೂತಿದ್ದೆ. 1,000 ಸಬ್‌ಸ್ಕ್ರೈಬರ್, ವರ್ಷದಲ್ಲಿ ಜನ ನೋಡಿದ್ದು ಒಟ್ಟು 4,000 ಗಂಟೆ, ಇದನ್ನು ದಾಟಿದರೆ ಗೆದ್ದ ಹಾಗೆ ಅಂದುಕೊಂಡಿದ್ದೆ. ತಲೆನೋವು ಶುರುವಾಗಿದ್ದೇ ಆಮೇಲೆ. ಗೂಗಲ್‌ನ ಜಾಹೀರಾತು ಖಾತೆಯಲ್ಲಿ 10 ಡಾಲರ್ ಸೇರಿದ ಮೇಲೆ, ವಿಳಾಸ ನಿಜವಾ ಅಂತ ನೋಡಲು ಗೂಗಲ್‌ನಿಂದ ಅಂಚೆಯಲ್ಲಿ ಒಂದು ಪಿನ್ ಬರುತ್ತದೆ. ಇಮೇಲ್ ಅಲ್ಲ, ಮೆಸೇಜ್ ಅಲ್ಲ, ಕಾಗದ. ಎರಡರಿಂದ ನಾಲ್ಕು ವಾರ ಅಂತಿತ್ತು. ಆರು ವಾರ ಕಾದೆ, ಬರಲಿಲ್ಲ.

ತಪ್ಪು ನನ್ನದೇ. ವಿಳಾಸದಲ್ಲಿ ನನ್ನ ಹೆಸರು, ಪಂಚಾಯ್ತಿ ಕೊಟ್ಟ ಮನೆ ನಂಬರ್, ತಾಲೂಕು, ಇಷ್ಟೇ ಬರೆದಿದ್ದೆ. ಹಳ್ಳಿಯಲ್ಲಿ ಮನೆ ನಂಬರ್ ಯಾರಿಗೆ ಗೊತ್ತು? ಇಲ್ಲಿ ಕಾಗದ ಮನೆ ಮುಟ್ಟಬೇಕಾದರೆ ಅಪ್ಪನ ಹೆಸರಿರಬೇಕು, ಅಂಚೆ ಊರಿನ ಹೆಸರಿರಬೇಕು. ನನ್ನ ಹೆಸರಿನವರೇ ಸುತ್ತ ಮೂರು ಜನ ಇದ್ದೇವೆ. ಎರಡನೇ ಕಾಗದ ಕೇಳುವಾಗಲೂ ಅದೇ ವಿಳಾಸ ಬಿಟ್ಟಿದ್ದೆ, ಎಂಥಾ ಬುದ್ಧಿವಂತ! ನಾಲ್ಕು ತಿಂಗಳಲ್ಲಿ ಪಿನ್ ಹಾಕದಿದ್ದರೆ ಜಾಹೀರಾತೇ ನಿಂತುಹೋಗುತ್ತದೆ. ಗಡುವು ಹತ್ತಿರ ಬಂದಾಗ ಮೂರನೇ ಸಲ ಅಪ್ಪನ ಹೆಸರು, ಕೇರಿ, ಅಂಚೆ ಊರು, ಕೊನೆಗೆ ಮೊಬೈಲ್ ನಂಬರನ್ನೂ ತುರುಕಿದೆ. ಹದಿನೆಂಟನೇ ದಿನ ಅಂಚೆಯಣ್ಣ ಗೇಟಿನ ಹತ್ತಿರ ನಿಂತು, "ಇದು ನಿಂದಾ ಮಾರಾಯ? ಯಾವುದೋ ಇನ್ಶೂರೆನ್ಸ್ ಅಂದ್ಕೊಂಡೆ" ಅಂತ ಕೊಟ್ಟ. ಅಂಚು ಹರಿದು ಬಿಡಿಸುವ ತೆಳು ಕಾಗದ, ಒಳಗೆ ಆರು ಅಂಕಿ. ಅಷ್ಟಕ್ಕೆ ಇಷ್ಟು ಪಾಡು.

ಅದಾದ ಮೇಲೆ ಬ್ಯಾಂಕಿನ ಸ್ವಿಫ್ಟ್ ಕೋಡ್, ಅಂದರೆ ಹೊರದೇಶದ ದುಡ್ಡು ಬರಲು ಬೇಕಾದ ಬ್ಯಾಂಕಿನ ಗುರುತು. ನಮ್ಮ ಶಾಖೆಗೆ ಅದು ಇಲ್ಲ, ದೊಡ್ಡ ಶಾಖೆಯದ್ದು ಹಾಕಬೇಕಾಯಿತು. 100 ಡಾಲರ್ ಆಗುವವರೆಗೆ ದುಡ್ಡು ಕೈಗೆ ಬರುವುದಿಲ್ಲ. ನನಗೆ ಒಂಬತ್ತು ತಿಂಗಳು ಹಿಡಿಯಿತು. ಉದ್ದ ವಿಡಿಯೋದ ಜಾಹೀರಾತಿನಲ್ಲಿ 55% ನಮ್ಮದು, ಶಾರ್ಟ್ಸ್‌ನಲ್ಲಿ 45%. ಗೂಗಲ್ ಕೇಳುವ ಅಮೆರಿಕದ ತೆರಿಗೆ ಫಾರ್ಮ್ ಮರೆಯಬೇಡಿ. ಅದನ್ನು ಸರಿಯಾಗಿ ತುಂಬಿದರೆ ಅಮೆರಿಕದಲ್ಲಿ ಕೂತು ನೋಡಿದವರಿಂದ ಬಂದ ದುಡ್ಡಿಗೆ ಮಾತ್ರ 15% ಹಿಡಿಯುತ್ತಾರೆ.

ಲಿಂಕಿಗೆ ಈ ಯಾವ ಕಾಟವೂ ಇಲ್ಲ. ಅಮೆಜಾನ್‌ನ ಕಮಿಷನ್ ಯೋಜನೆಗೆ ಸೇರಿದ ಮೇಲೆ 180 ದಿನದಲ್ಲಿ ಮೂರು ಮಾರಾಟ ಆಗಬೇಕು, ನಾವೇ ಕೊಂಡರೆ ಲೆಕ್ಕಕ್ಕಿಲ್ಲ. ಮಜಾ ಏನೆಂದರೆ, ಲಿಂಕ್ ಒತ್ತಿದವರು 24 ಗಂಟೆಯೊಳಗೆ ಬೇರೆ ಏನಾದರೂ ಕೊಂಡರೂ ಕಮಿಷನ್ ಸಿಗುತ್ತದೆ. ಕಳೆ ಮಷೀನಿನ ನೈಲಾನ್ ದಾರ ನೋಡಲು ಹೋದ ಯಾರೋ ಕುಕ್ಕರ್ ತಗೊಂಡಿದ್ದರು, ಅದರ ಪಾಲೂ ನನಗೆ ಬಂತು. ವಾಪಸ್ ಮಾಡಿದರೆ ಮಾತ್ರ ಕಮಿಷನ್ನೂ ವಾಪಸ್. ಎರಡು ವರ್ಷದ ಹಿಂದಿನ ಕಳೆ ಮಷೀನಿನ ವಿಡಿಯೋ ಪ್ರತಿ ಮಳೆಗಾಲಕ್ಕೂ ತಾನಾಗಿ ಎದ್ದು ಕೂರುತ್ತದೆ. ನೋಡುವವರು ಕಮ್ಮಿಯೇ, ಆದರೆ ನೋಡುವವರೆಲ್ಲ ಮಷೀನು ಕೊಳ್ಳಬೇಕು ಅಂತಲೇ ಬಂದವರು, ಹಾಗಾಗಿ ಆ ಒಂದು ವಿಡಿಯೋದ ಲಿಂಕಿನ ದುಡ್ಡು ಅದರ ಜಾಹೀರಾತಿನ ದುಡ್ಡನ್ನು ಎಂದೋ ದಾಟಿದೆ.

ಸ್ಪಾನ್ಸರ್ ಒಮ್ಮೆ ಮಾಡಿದೆ. ಒಂದು ಕಂಪನಿಯವರು ಪಂಪು ಕಳಿಸಿದರು, ವಿಡಿಯೋದಲ್ಲಿ "ನಳಿಕೆ ಸೋರುತ್ತದೆ" ಅಂದದ್ದನ್ನು ಕತ್ತರಿಸಿ ಅಂದರು. ಕತ್ತರಿಸಲಿಲ್ಲ, ದುಡ್ಡೂ ಬರಲಿಲ್ಲ. ಒಂದೇ ಕಡೆಯಿಂದ ವರ್ಷಕ್ಕೆ 20,000 ರೂಪಾಯಿ ಮೀರಿದ ಸಾಮಾನು ಬಿಟ್ಟಿ ಬಂದರೆ 10% ಟಿಡಿಎಸ್ (ಕೊಡುವವರೇ ಮೊದಲೇ ಹಿಡಿಯುವ ತೆರಿಗೆ) ಕೂಡ ಇದೆ, ಗೊತ್ತಿರಲಿ.

ಮೆಂಬರ್‌ಶಿಪ್, ಅಂದರೆ ನೋಡುವವರು ತಿಂಗಳಿಗಿಷ್ಟು ಅಂತ ದುಡ್ಡು ಕೊಟ್ಟು ಚಾನೆಲ್ ಸೇರುವುದು, ಅದರಲ್ಲಿ 70% ನಮಗೆ. ಒಳ್ಳೆಯದೇ, ಆದರೆ ಸೇರಿದವರಿಗೆ ಅಂತ ಬೇರೆ ವಿಡಿಯೋ ಮಾಡಬೇಕಲ್ವಾ? ಕೊಯ್ಲಿನ ಹೊತ್ತಿಗೆ ನನಗೆ ಊಟಕ್ಕೇ ಪುರಸೊತ್ತಿಲ್ಲ. ದಿನಾ ಮಾತಾಡುವವರು, ಲೈವ್ ಬರುವವರು ಧಾರಾಳವಾಗಿ ಮಾಡಿ.

ಈ ಸಲದ ಕಮಿಷನ್ನಿನಲ್ಲಿ ಒಂದು ಒಳ್ಳೆ ಮೈಕು ತರಬೇಕು. ಮಷೀನಿನ ಸದ್ದಲ್ಲಿ ನಿನ್ನ ಮಾತೇ ಕೇಳಲ್ಲ ಅಂತ ಬೈಗುಳ ಜಾಸ್ತಿ ಆಗಿದೆ.